ರಾಯರ ಕೆರೆ ಏರಿ ಮೇಲೆ ಒಂದು ಆಫರ್ ಲೆಟರ್

ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ಬೆಟ್ಟಸಾಲು ಶುರುವಾಗುವ ಕಡೆ, ಗುಡ್ಡಗಳ ನಡುವೆ ಅಡ್ಡಕ್ಕೆ ಒಂದು ದೊಡ್ಡ ಏರಿ ಇದೆ. ನಾವು ಅದನ್ನ ರಾಯರ ಕೆರೆ ಅಂತೀವಿ. ಕೆರೆಯ ಅಂಗಳದಲ್ಲಿ ಬಹುಕಾಲದಿಂದ ಹೊಲಗಳಿವೆ, ಏರಿಯ ಮೇಲೆ ಹೆದ್ದಾರಿ. ಹೋದ ಸಲ ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ನನ್ನನ್ನ ಬೈಕ್ ಹತ್ತಿಸಿಕೊಂಡು ಅಲ್ಲಿಗೆ ಕರ್ಕೊಂಡು ಹೋದ. ಮನೆಯಲ್ಲಿ ಮಾತಾಡೋ ವಿಷಯ ಅಲ್ಲ ಅಂತ ಗೊತ್ತಾಯಿತು.

ಅವನು ಹೊಸಪೇಟೆಯ ಕನ್ನಡಕದ ಅಂಗಡಿಯೊಂದರಲ್ಲಿ ಎಂಟು ವರ್ಷದಿಂದ ಇದ್ದಾನೆ. ಕಣ್ಣಿನ ಪವರ್ ನೋಡ್ತಾನೆ, ಫ್ರೇಮಿಗೆ ತಕ್ಕಂತೆ ಲೆನ್ಸ್ ಕತ್ತರಿಸ್ತಾನೆ, ಅಜ್ಜಿಯರ ಚಾಳೀಸು ರಿಪೇರಿ ಮಾಡ್ತಾನೆ. ಡಿಪ್ಲೊಮಾ ಮಾಡಿದ್ದಾನೆ. ಜೇಬಿನಿಂದ ಮಡಚಿದ ಕಾಗದ ತೆಗೆದು ಕೈಗಿಟ್ಟ. ಗಲ್ಫಿನ ಒಂದು ಕನ್ನಡಕದ ಅಂಗಡಿಯಿಂದ ಆಫರ್ ಲೆಟರ್. ಎರಡು ವರ್ಷದ ಕರಾರು, ವೀಸಾ ಕಂಪನಿಯದೇ.

"ಅಣ್ಣ, ನೀನು ಅಮೆರಿಕಾದಾಗ ಇದ್ದು ಬಂದೋನು. ಸೈನ್ ಮಾಡ್ಲಾ, ಬ್ಯಾಡಾ?"

ಸಂಬಳದ ಸಾಲು ನೋಡಿದೆ. ಈಗಿನದರ ನಾಲ್ಕು ಪಟ್ಟು. ತಕ್ಷಣ ಹೌದು ಅನ್ನಬೇಕಿತ್ತು. ಅನ್ನಲಿಲ್ಲ. ಕಾರಣ ಹೇಳೋಕೆ ಅವತ್ತು ಮಾತು ಸಿಗಲಿಲ್ಲ, ಅದಕ್ಕೇ ಈಗ ಬರೀತಿದ್ದೀನಿ.

ನಾವು ಕೂತಿದ್ದ ಏರಿಯ ಕತೆಯಿಂದಲೇ ಶುರು ಮಾಡ್ತೀನಿ. ಹದಿನಾರನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನ್ಯೂನಿಜ್ ಈ ಕೆರೆಯ ಬಗ್ಗೆ ಬರೆದಿದ್ದಾನೆ. ಕೃಷ್ಣದೇವರಾಯ ತನ್ನ ಹೊಸ ಊರು ನಾಗಲಾಪುರಕ್ಕೆ, ಅಂದರೆ ಇವತ್ತಿನ ಹೊಸಪೇಟೆಗೆ, ಕೆರೆ ಕಟ್ಟಿಸಲು ಹೊರಟ. ಕಲ್ಲು ಕೆಲಸದವರು ಬೇಕು ಅಂತ ಗೋವಾಕ್ಕೆ ಹೇಳಿ ಕಳಿಸಿದ್ದ. ಅಲ್ಲಿನ ಅಧಿಕಾರಿ ಗುತೆರ್ರೆ ದೆ ಮೊನ್ರೊಯ್ ಒಬ್ಬ ದೊಡ್ಡ ಕೆಲಸಗಾರನನ್ನ ಕಳಿಸಿಕೊಟ್ಟಿದ್ದ. ಹೆಸರು ಜೊವಾವ್ ದೆ ಲಾ ಪೋಂಟೆ.

ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಸ್ಪಾನ್ಸರ್ಡ್ ಸ್ಕಿಲ್ಡ್ ವರ್ಕರ್. ಕೆಲಸ ಕೊಡುವವನು ಕೇಳಿದ, ಇನ್ನೊಂದು ಸರ್ಕಾರ ಒಪ್ಪಿ ಕಳಿಸಿತು, ಕುಶಲಕರ್ಮಿ ಬಂದ. ಆಮೇಲೆ ಏನಾಯಿತು ಅಂತ ನೋಡಿ. ಜೊವಾವ್‌ಗೆ ಈ ಕೆಲಸ ಆಗೋದಲ್ಲ ಅನ್ನಿಸಿದರೂ ಮಾಡ್ತೀನಿ ಅಂದ, ಸುಣ್ಣ ಸಿದ್ಧ ಮಾಡಿಸಿ ಅಂದ. ರಾಜ ನಕ್ಕುಬಿಟ್ಟ. ಈ ಕಡೆ ಮನೆ ಕಟ್ಟಲು ಸುಣ್ಣ ಬಳಸೋ ರೂಢಿ ಇರಲಿಲ್ಲ ಅಂತಾನೆ ನ್ಯೂನಿಜ್. ರಾಜ ತನ್ನದೇ ರೀತಿಯಲ್ಲಿ ದೊಡ್ಡ ದೊಡ್ಡ ಬಂಡೆ ಉರುಳಿಸಿ ಕಟ್ಟಿಸಿದ, ಅದು ಕುಸಿಯಿತು. ಕೊನೆಗೆ ಬಲಿ ಕೊಡಬೇಕೆಂಬ ಸಲಹೆ ಬಂತು, ಮರಣದಂಡನೆಗೆ ಅರ್ಹರಾದ ಕೈದಿಗಳ ತಲೆ ಅಲ್ಲಿ ಉರುಳಿತು. ಕೆರೆ ನಿಂತಿತು. ನೀರು ಹರಿದ ಭೂಮಿಗೆ ಒಂಬತ್ತು ವರ್ಷ ಕಂದಾಯ ಮಾಫಿ ಆಯಿತು. ಕರೆಸಿಕೊಂಡ ಕೆಲಸಗಾರನ ಮಾತು ಮಾತ್ರ ಆ ನಗುವಿನಲ್ಲೇ ಮುಗಿಯಿತು. ಅವನ ಕೈಚಳಕಕ್ಕೆ ಬೆಲೆ ಕಟ್ಟಿದವನೇ ಅದನ್ನ ಬಳಸಬೇಕೋ ಬೇಡವೋ ಅಂತಲೂ ತೀರ್ಮಾನಿಸಿದ.

ತಮಾಷೆ ಅಂದರೆ, ಕನ್ನಡಕ ನಮ್ಮ ಸೀಮೆಗೆ ಬಂದ ಸುದ್ದಿಯೂ ಅದೇ ಕಾಲದ್ದು. ವ್ಯಾಸರಾಯರು ಕನ್ನಡಕ ಇಟ್ಟುಕೊಂಡು ಗ್ರಂಥ ಓದುತ್ತಿದ್ದರು ಅಂತ ಸೋಮನಾಥ ಕವಿಯ ಸಂಸ್ಕೃತ ಕೃತಿ 'ವ್ಯಾಸಯೋಗಿಚರಿತ'ದಲ್ಲಿ ಬರುತ್ತೆ. ಪಿ. ಕೆ. ಗೋಡೆ ಎಂಬ ವಿದ್ವಾಂಸರು ಇದನ್ನ ಗುರುತಿಸಿ, ಸುಮಾರು 1520ರ ಸಂಗತಿ ಅಂದರು. ಭಾರತದಲ್ಲಿ ಕನ್ನಡಕದ ಹಳೆಯ ಉಲ್ಲೇಖಗಳಲ್ಲಿ ಅದೂ ಒಂದು. ಪೋರ್ಚುಗೀಸರ ಕಡೆಯಿಂದ ಬಂದಿರಬೇಕು ಅನ್ನೋದು ಊಹೆ. 1539ರಲ್ಲಿ ತೀರಿಕೊಂಡ ವ್ಯಾಸರಾಯರ ಬೃಂದಾವನ ಆನೆಗೊಂದಿ ಹತ್ತಿರದ ನವಬೃಂದಾವನದಲ್ಲಿದೆ. ತಮ್ಮನಿಗೆ ಇದನ್ನ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಅದರ ಸ್ಕ್ರೂ ಸಡ್ಲ ಆದ್ರೆ ಯಾರು ಟೈಟ್ ಮಾಡ್ತಿದ್ರು?"

ಸರಿಯಾದ ಪ್ರಶ್ನೆಯೇ. ವಸ್ತು ಸಲೀಸಾಗಿ ಸಮುದ್ರ ದಾಟುತ್ತೆ. ಅದರ ಕೆಲಸಗಾರ ದಾಟಬೇಕು ಅಂದರೆ ಯಾರಾದರೂ ಕರೆಸಿಕೊಳ್ಳಬೇಕು.

ಕರೆಸಿಕೊಳ್ಳೋದು ಕಾನೂನಾದದ್ದು ಕಳೆದ ಶತಮಾನದಲ್ಲಿ. ಭಾರತದ 1922ರ ವಲಸೆ ಕಾಯ್ದೆ ಪ್ರಕಾರ, ಕುಶಲ ಕೆಲಸಕ್ಕೆ ಜನರನ್ನ ಹೊರದೇಶಕ್ಕೆ ಕರೆದೊಯ್ಯುವವನು ಸರ್ಕಾರದ ಅನುಮತಿ ಪಡೀಬೇಕಿತ್ತು. ಬ್ರಿಟನ್ 1962ರಲ್ಲಿ ಕಾಮನ್‌ವೆಲ್ತ್ ಪ್ರಜೆಗಳಿಗೆ ವೋಚರ್ ಪದ್ಧತಿ ತಂದಿತು. ಅದರಲ್ಲಿ 'ಎ' ವರ್ಗ ಅಂದರೆ ಅಲ್ಲಿನ ಮಾಲೀಕನೊಬ್ಬ ಕೆಲಸ ಕೊಡ್ತೀನಿ ಅಂದವರಿಗೆ. ಗಲ್ಫಿನಲ್ಲಿ ಇದೇ ಕಫಾಲಾ. ಕಫೀಲ್ ಅಂದರೆ ಅರಬ್ಬಿಯಲ್ಲಿ ಜಾಮೀನುದಾರ. ನೀವು ಆ ದೇಶದಲ್ಲಿರಲು ಅವನು ಜಾಮೀನು. ಹಾಗಾಗಿ ಕೆಲಸ ಬದಲಿಸಲು, ಕೆಲವು ಕಡೆ ದೇಶ ಬಿಡಲೂ, ಅವನ ಒಪ್ಪಿಗೆ ಬೇಕಿತ್ತು. ಈಚೆಗೆ ಕೆಲವು ಗಂಟು ಸಡಿಲವಾಗಿವೆ. ಕತಾರ್ 2018ರಲ್ಲಿ ಬಹುಪಾಲು ಕೆಲಸಗಾರರಿಗೆ ಎಕ್ಸಿಟ್ ಪರ್ಮಿಟ್ ತೆಗೆಯಿತು, 2020ರಲ್ಲಿ ಕೆಲಸ ಬದಲಿಸಲು ಬೇಕಿದ್ದ ಎನ್‌ಓಸಿಯನ್ನೂ ತೆಗೆಯಿತು. ಸೌದಿ 2021ರ ಮಾರ್ಚಿನಿಂದ ಒಂದು ವರ್ಷ ಕೆಲಸ ಮಾಡಿದವರಿಗೆ ಮಾಲೀಕನ ಒಪ್ಪಿಗೆ ಇಲ್ಲದೆ ಬೇರೆಡೆ ಸೇರಲು ದಾರಿ ಬಿಟ್ಟಿತು.

ಇದು ಗಲ್ಫಿನ ಕತೆ, ನಮಗ್ಯಾಕೆ ಅಂತ ಬೆಂಗಳೂರಿನ ಗೆಳೆಯರು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ನನ್ನ ಎಚ್-1ಬಿ ಕೆಲಸ ಹೋಗುವವರೆಗೆ. 2017ರಿಂದ ಅಮೆರಿಕಾದಲ್ಲಿ ನಿಯಮ: ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ದಾರಿ ಹುಡುಕಬೇಕು, ಅಥವಾ ಹೊರಡಬೇಕು. ನಾನು ಐವತ್ತಾರನೇ ದಿನ ಕಾರು ಮಾರಿದೆ. ಬ್ರಿಟನ್ನಿನಲ್ಲೂ ಸಾಮಾನ್ಯವಾಗಿ 60 ದಿನ. ಆಸ್ಟ್ರೇಲಿಯಾ 2024ರ ಜುಲೈನಲ್ಲಿ 60ರಿಂದ 180 ದಿನಕ್ಕೆ ಏರಿಸಿತು. ಹೆಸರು ಬೇರೆ, ಗಡುವು ಬೇರೆ, ಕೂಡಿಸಿದ ಗಂಟು ಒಂದೇ: ನಿಮ್ಮ ಕೆಲಸ ಮತ್ತು ನೀವು ಅಲ್ಲಿರೋ ಹಕ್ಕು.

ಕನ್ನಡಕದವರಿಗೆ ಇನ್ನೊಂದು ಗಂಟಿದೆ: ಲೈಸೆನ್ಸ್. ಬ್ರಿಟನ್ 1958ರ ಕಾಯ್ದೆಯಲ್ಲೇ ಜನರಲ್ ಆಪ್ಟಿಕಲ್ ಕೌನ್ಸಿಲ್ ಮಾಡಿತು. ಅಲ್ಲಿ ನೋಂದಣಿ ಇಲ್ಲದವರು ಡಿಸ್ಪೆನ್ಸಿಂಗ್ ಆಪ್ಟಿಷಿಯನ್ ಅಂತ ಹೇಳಿಕೊಳ್ಳುವಂತಿಲ್ಲ. ದುಬೈ, ಸೌದಿಗಳಲ್ಲಿ ಸರ್ಟಿಫಿಕೇಟುಗಳ ಮೂಲ ಪರಿಶೀಲನೆ, ಪರೀಕ್ಷೆ, ಆರೋಗ್ಯ ಪ್ರಾಧಿಕಾರದ ಲೈಸೆನ್ಸ್. ನಮ್ಮಲ್ಲಿ ಆಪ್ಟೊಮೆಟ್ರಿಯಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದದ್ದೇ 2021ರಲ್ಲಿ. ಎಂಟು ವರ್ಷದ ಕೈಕೆಲಸಕ್ಕೆ ಕಾಗದ ಇಲ್ಲ ಅಂದರೆ ಆ ಕೈ ವಿಮಾನ ಇಳಿದ ಮೇಲೆ ಬೇರೆ ಕೆಲಸಕ್ಕೆ ಬೀಳುತ್ತೆ. ತಮ್ಮನ ಆಫರ್ ಲೆಟರನ್ನ ಎರಡನೇ ಸಲ ಓದಿದಾಗ ಕಂಡಿದ್ದು ಅದೇ. ಮೇಲೆ 'ಆಪ್ಟಿಷಿಯನ್', ಕೆಳಗೆ ವೀಸಾದ ಹುದ್ದೆ ಅನ್ನೋ ಕಡೆ 'ಸೇಲ್ಸ್‌ಮ್ಯಾನ್'. ಅದರ ಕೆಳಗೆ, ಎರಡು ವರ್ಷದೊಳಗೆ ಬಿಟ್ಟರೆ ವೀಸಾ ಖರ್ಚೆಲ್ಲ ವಾಪಸ್ ಕಟ್ಟಬೇಕು.

ನಮ್ಮ 1983ರ ವಲಸೆ ಕಾಯ್ದೆಯ ತಡೆಬೇಲಿಯೂ ಅವನಿಗೆ ಅಡ್ಡ ಬರಲ್ಲ, ಅಂದರೆ ಕಾಯೋದೂ ಇಲ್ಲ. ಹತ್ತನೇ ಕ್ಲಾಸು ಪಾಸಾದವರಿಗೆ ವಲಸೆ ತಪಾಸಣೆ ಬೇಡ. ನರ್ಸುಗಳಿಗೆ ಮಾತ್ರ 2015ರಲ್ಲಿ ಅದನ್ನ ಬೇರೆಯಾಗಿ ಕಡ್ಡಾಯ ಮಾಡಿದರು. ಕನ್ನಡಕದವರನ್ನ ಯಾರೂ ನೆನೆಸಿಕೊಳ್ಳಲಿಲ್ಲ. ತನ್ನ ಕಾಗದವನ್ನ ತಾನೇ ಓದಬೇಕು.

ಅವತ್ತು ರಾತ್ರಿ ಅಪ್ಪನಿಗೆ ವಿಷಯ ಹೇಳಿದೆ. ಅಪ್ಪ ದೋಣಿಮಲೈ ಗಣಿಯಲ್ಲಿದ್ದವರು. ಗಣಿ ಶುರುವಾದದ್ದು 1977ರಲ್ಲಿ. ನಾನು ಬೆಳೆದದ್ದು ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ನಲ್ಲಿ ನೀರೂ ಕಂಪನಿಯದು. ಚೆನ್ನಾಗಿಯೇ ಇತ್ತು. ರಿಟೈರ್ ಆದ ಮೇಲೆ ಬೀಗದ ಕೈ ವಾಪಸ್ ಕೊಟ್ಟು ಸಂಡೂರಿನಲ್ಲಿ ಬಾಡಿಗೆ ಮನೆ ಹುಡುಕಿದೆವು. ಅದು ಅನ್ಯಾಯ ಅಲ್ಲ, ಕರಾರು. 2018ರ ನವೆಂಬರಿನಲ್ಲಿ 50 ವರ್ಷದ ಗಣಿ ಗುತ್ತಿಗೆ ಮುಗಿದು, ನವೀಕರಣಕ್ಕೆ ರಾಜ್ಯ ಸರ್ಕಾರ ಕೇಳಿದ ಶೇ. 80 ಪ್ರೀಮಿಯಂ ವಿಷಯದಲ್ಲಿ ತಕರಾರಾಗಿ ಗಣಿ ನಿಂತಾಗ ಅಪ್ಪನ ಗೆಳೆಯರೆಲ್ಲ ಒಂದೇ ದಿನ ಒಂದೇ ಚಿಂತೆ ಮಾಡಿದರು. ಮತ್ತೆ ಕೆಲಸ ಶುರುವಾದದ್ದು 2021ರ ಫೆಬ್ರವರಿಯಲ್ಲಿ.

ಅಪ್ಪ ಕಾಗದ ಓದಲಿಲ್ಲ. ಕನ್ನಡಕ ಹುಡುಕುತ್ತಾ ಹೇಳಿದರು: "ಹೋಗ್ಲಿ ಬಿಡಪ್ಪ, ಹುಡುಗ ದುಡೀಲಿ. ಆದ್ರೆ ಕೆಲ್ಸ ಬಿಟ್ಟ ದಿನ ಎಲ್ಲಿ ಮಲಗ್ತಾನೆ ಅಂತ ಮೊದ್ಲೇ ಕೇಳ್ಕೊಂಡು ಹೋಗ್ಲಿ."

ನಾನು ಅಮೆರಿಕಾಕ್ಕೆ ಹೊರಟಾಗ ಕೇಳದೇ ಇದ್ದದ್ದು ಇದನ್ನೇ. ಸಂಬಳ ಕೇಳಿದ್ದೆ, ಬೋನಸ್ ಕೇಳಿದ್ದೆ.

ಮರುದಿನ ಇಬ್ಬರೂ ಕೂತು ಮೇಲ್ ಬರೆದೆವು. ವೀಸಾದಲ್ಲಿ ಹುದ್ದೆ ಆಪ್ಟಿಷಿಯನ್ ಅಂತಲೇ ಇರುತ್ತಾ? ಲೈಸೆನ್ಸ್ ಪರೀಕ್ಷೆಯ ಫೀಸು ಯಾರದು, ಫೇಲಾದರೆ ಏನು? ಪಾಸ್‌ಪೋರ್ಟ್ ನನ್ನ ಹತ್ತಿರವೇ ಇರುತ್ತಾ? ಕೆಲಸ ಬಿಟ್ಟರೆ ಅಥವಾ ನೀವು ತೆಗೆದರೆ ನಾನು ಎಷ್ಟು ದಿನ ಅಲ್ಲಿರಬಹುದು, ವಾಪಸ್ ಟಿಕೆಟ್ ಯಾರದು? ಏಜೆಂಟ್ ಒಂದೂವರೆ ಲಕ್ಷ ಕೇಳಿದ್ದ. ನೋಂದಾಯಿತ ಏಜೆಂಟ್ ತಗೋಬಹುದಾದದ್ದು 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ. ಅವನಿಗೂ ಒಂದು ಮೆಸೇಜು ಹೋಯಿತು, ನಿಮ್ಮ ಲೈಸೆನ್ಸ್ ನಂಬರ್ ಕೊಡಿ ಅಂತ.

ಏಜೆಂಟ್ ಆಮೇಲೆ ಫೋನ್ ಎತ್ತಲಿಲ್ಲ. ಕಂಪನಿಯಿಂದ ಹನ್ನೊಂದು ದಿನಕ್ಕೆ ಉತ್ತರ ಬಂತು. ಹುದ್ದೆ ತಿದ್ದಿದ್ದರು, ಫೀಸು ತಮ್ಮದೇ ಅಂದಿದ್ದರು, ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಅಂದಿದ್ದರು. ಕೊನೆಯ ಪ್ರಶ್ನೆಗೆ ಉತ್ತರ ಇರಲಿಲ್ಲ. ತಮ್ಮ ಅದನ್ನೊಂದನ್ನೇ ಮತ್ತೆ ಬರೆದು ಕಳಿಸಿದ್ದಾನೆ. ಈ ವಾರ ಫೋನ್ ಮಾಡಿದಾಗ ಅಂಗಡಿಯಲ್ಲಿದ್ದ, ಹಿಂದೆ ಲೆನ್ಸ್ ಉಜ್ಜುವ ಮೆಷಿನ್ನಿನ ಸದ್ದು.

"ಇನ್ನೂ ಬಂದಿಲ್ಲಣ್ಣ. ಬರ್ಲಿ, ಆಮ್ಯಾಲೆ ಸೈನ್ ಮಾಡ್ತೀನಿ."