ಕುಂದಾಪುರ ಸೀಮೆಯ ಗದ್ದೆಬೇಸಾಯದಲ್ಲಿ ಎಳೆತದ ಬಲ: ಕೋಣದಿಂದ ನಾಲ್ಕು ಚಕ್ರಗಳ ಚಾಲನೆಯವರೆಗೆ

ಕೃಷಿಯ ಇತಿಹಾಸವನ್ನು ಬರೆಯುವವರು ಕಂದಾಯ, ಗೇಣಿ, ಬೆಳೆ ಇವುಗಳನ್ನು ವಿಸ್ತಾರವಾಗಿ ಚರ್ಚಿಸುವುದುಂಟು; ನೇಗಿಲನ್ನೆಳೆಯುವ ಬಲವು ನೆಲದ ಮೇಲೆ ಹೇಗೆ ಊರಿ ನಿಲ್ಲುತ್ತದೆಂಬ ಪ್ರಶ್ನೆಗೆ ಅಷ್ಟು ಗಮನ ಕೊಡುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಗದ್ದೆಗಳಲ್ಲಾದರೋ ಬೇಸಾಯದ ಸೋಲು ಗೆಲವುಗಳು ಬಹುಮಟ್ಟಿಗೆ ಈ ಹಿಡಿತವನ್ನೇ ಅವಲಂಬಿಸಿವೆ. ಸಣ್ಣ ಟ್ರ್ಯಾಕ್ಟರಿನ ಮುಂದಿನ ಚಕ್ರಗಳಿಗೂ ಚಾಲನೆಯನ್ನು ಯಾವಾಗ ಕೊಡಬೇಕೆಂದು ಇಂದು ವಿಚಾರಿಸುವ ರೈತನು ಹಳೆಯ ಪ್ರಶ್ನೆಯನ್ನೇ ಹೊಸ ಮಾತಿನಲ್ಲಿ ಕೇಳುತ್ತಿದ್ದಾನೆಂಬುದು ನಮ್ಮ ಅಭಿಪ್ರಾಯ.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳದು. ಮುರಕಲ್ಲಿನ ದಿಣ್ಣೆಗಳಿಂದ ಇಳಿದ ನೀರು ತಗ್ಗಿನಲ್ಲಿ ನಿಲ್ಲುವುದರಿಂದ ಒಂದೇ ಊರಿನ ಗದ್ದೆಗಳೂ ಒಂದೇ ಬಗೆಯವಲ್ಲ. ತಗ್ಗಿನದು ಬಯಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು. ಕಂಪೆನಿ ಸರ್ಕಾರದ ಆಜ್ಞೆಯಂತೆ ಸಂಚಾರ ಕೈಗೊಂಡ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ದಾರಿಯಾಗಿ ಹಾದುಹೋದನು. 1807ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿಯೂ ಭತ್ತದ ಭೂಮಿಯ ಈ ಮೂರು ವಿಭಾಗಗಳು ಕಾಣಸಿಗುತ್ತವೆ. ಇದನ್ನು ನೀರಿನ ಮತ್ತು ಬೆಳೆಯ ವಿಭಾಗವೆಂದು ತಿಳಿಯುವುದು ವಾಡಿಕೆ. ಹಿಡಿತದ ವಿಭಾಗವೆಂದೂ ಅದನ್ನು ತಿಳಿಯಬಹುದು: ಬಯಲಿನಲ್ಲಿ ಕಾಲು ಹೂಳುತ್ತದೆ, ಮಜಲಿನಲ್ಲಿ ಜಾರುತ್ತದೆ, ಬೆಟ್ಟಿನಲ್ಲಿ ನಿಲ್ಲುತ್ತದೆ.

ಹಿಂದಿನವರು ಈ ಭೇದವನ್ನರಿತೇ ಪ್ರಾಣಿಗಳನ್ನು ಹೂಡುತ್ತಿದ್ದರು. ಅಗಲವಾದ ಗೊರಸಿನ ಕೋಣವು ಆಳದ ಕೆಸರಿಗೆ ಒಗ್ಗಿದುದು. ಗಾಡಿಗೂ ಗಟ್ಟಿನೆಲಕ್ಕೂ ಎತ್ತು ಮೇಲು. ವಂಡಾರು ಮೊದಲಾದೆಡೆಗಳಲ್ಲಿ ಪ್ರಸಿದ್ಧವಾದ ಕಂಬಳವು ಕೆಸರಿನಲ್ಲಿ ಕೋಣದ ಹಿಡಿತಕ್ಕೆ ಸಲ್ಲುವ ಗೌರವವೇ ಆಗಿದೆ. ಅದರ ಓಟದ ವಿಭಾಗಗಳಿಗಿರುವ ನೇಗಿಲು, ಹಗ್ಗ, ಅಡ್ಡ ಹಲಗೆ, ಕೆನೆಹಲಗೆ ಎಂಬ ಹೆಸರುಗಳಲ್ಲಿ ಉಳುಮೆಯ ಉಪಕರಣಗಳ ನೆನಪು ಇಂದಿಗೂ ಉಳಿದಿದೆ.

ಈ ವ್ಯವಸ್ಥೆ ಸಡಿಲವಾದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಭೂಸುಧಾರಣಾ ಕಾನೂನಿನ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರರು ಒಡೆಯರಾದರು. ಹಿಡುವಳಿಗಳು ಚಿಕ್ಕವಾಗಿಯೇ ಉಳಿದವು. ತರುಣರು ಮುಂಬಯಿ, ಬೆಂಗಳೂರುಗಳ ಹೋಟೆಲುಗಳಿಗೆ ಹೋದುದರಿಂದ ಕೋಣಗಳನ್ನು ವರ್ಷವಿಡೀ ಸಾಕುವ ಕೈಗಳು ಕಡಿಮೆಯಾದವು. ಆ ಎಡೆಯನ್ನು ಮೊದಲು ತುಂಬಿದುದು ಟಿಲ್ಲರ್. 1967ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಅದನ್ನು ತಯಾರಿಸಿತು. ಜಪಾನಿನ ಗದ್ದೆಗಳಿಗಾಗಿಯೇ ರೂಪುಗೊಂಡ ನಾಲ್ಕು ಚಕ್ರಗಳ ಚಾಲನೆಯ ಸಣ್ಣ ಟ್ರ್ಯಾಕ್ಟರ್ ಅನಂತರ ಬಂದಿತು.

ಇದರ ಸ್ವಭಾವವನ್ನು ಸ್ಪಷ್ಟವಾಗಿ ತಿಳಿಯಬೇಕು. ಸಾಧಾರಣವಾಗಿ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗಷ್ಟೇ ಹೋಗುತ್ತದೆ. ಲಿವರನ್ನು ಸರಿಸಿದಾಗ ಮುಂದಿನವುಗಳಿಗೂ ಸೇರಿ, ಎರಡು ಅಚ್ಚುಗಳೂ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಮುಂದಿನ ಚಕ್ರಗಳು ತುಸು ಹೆಚ್ಚಾಗಿಯೇ ಎಳೆಯುವಂತೆ ಗಿಯರುಗಳನ್ನು ಹೊಂದಿಸಿರುತ್ತಾರೆ. ಕೆಸರಿನಲ್ಲಿ ಈ ಅಂತರವು ಜಾರುವಿಕೆಯಲ್ಲಿ ಕರಗಿಹೋಗುತ್ತದೆ. ಡಾಮರು ರಸ್ತೆಯಲ್ಲಿ ಜಾರಲು ಎಡೆಯಿಲ್ಲವಾದುದರಿಂದ ಟೈರು ಸವೆಯುತ್ತದೆ, ಗಿಯರುಗಳ ಮೇಲೆ ಒತ್ತಡ ಬೀಳುತ್ತದೆ, ತಿರುಗಿಸುವುದೂ ಕಷ್ಟವಾಗುತ್ತದೆ.

ಆದ್ದರಿಂದ ನಿಯಮವನ್ನು ಗದ್ದೆಯ ಹೆಸರಿನಿಂದಲೇ ಹೇಳಬಹುದಾಗಿದೆ. ಬಯಲಿಗೆ ಇಳಿಯುವ ಮೊದಲು, ಅಂಚಿನಲ್ಲಿ ನಿಂತಿರುವಾಗಲೇ ಮುಂದಿನ ಚಾಲನೆಯನ್ನು ಸೇರಿಸಬೇಕು. ಹಿಂದಿನ ಚಕ್ರ ಸುತ್ತಿ ಸುತ್ತಿ ಗುಂಡಿ ತೋಡಿದ ಮೇಲೆ ಸೇರಿಸಿದರೆ ಪ್ರಯೋಜನ ಅಲ್ಪ. ಮಜಲಿನಲ್ಲಿ ಹಿಂದಿನ ಚಕ್ರ ಜಾರತೊಡಗಿದೊಡನೆ ಸೇರಿಸತಕ್ಕದ್ದು. ಒಣಗಿದ ಬೆಟ್ಟಿನ ಹಗುರ ಕೆಲಸಕ್ಕೆ ಅದು ಬೇಡ. ರಸ್ತೆಗೆ ಬಂದೊಡನೆ ಬಿಡಿಸಬೇಕು. ಒಂದು ವಿನಾಯಿತಿಯುಂಟು. ಅನೇಕ ಸಣ್ಣ ಟ್ರ್ಯಾಕ್ಟರುಗಳಿಗೆ ಬ್ರೇಕು ಹಿಂದಿನ ಚಕ್ರಗಳಲ್ಲಿ ಮಾತ್ರ ಇರುತ್ತದೆ. ಹೊರೆಯೊಡನೆ ಕಡಿದಾದ ಇಳಿಜಾರಿನಲ್ಲಿ ಇಳಿಯುವಾಗ ಮುಂದಿನ ಚಾಲನೆ ಸೇರಿದ್ದರೆ ನಾಲ್ಕು ಚಕ್ರಗಳೂ ತಡೆಗೆ ನೆರವಾಗುತ್ತವೆ. ಇಲ್ಲಿ ಉಳಿಯುವುದು ಟೈರಲ್ಲ, ಜೀವ.

ಇಷ್ಟಾದರೂ ಈ ಲಿವರು ಎಲ್ಲಿಗೆ ಬೇಕಾದರೂ ನುಗ್ಗಲು ದೊರೆತ ಪರವಾನಗಿಯಲ್ಲ. ತಲೆಮಾರುಗಳ ಉಳುಮೆಯಿಂದ ಗದ್ದೆಯ ಕೆಸರಿನಡಿ ಗಟ್ಟಿಪದರವೊಂದು ಕಟ್ಟಿಕೊಂಡಿರುತ್ತದೆ. ನೀರನ್ನು ನಿಲ್ಲಿಸುವುದೂ ಚಕ್ರವನ್ನು ಹೊರುವುದೂ ಅದೇ. ಭಾರವಾದ ಯಂತ್ರ ಅದನ್ನು ಒಡೆದರೆ ನೀರು ಇಂಗಿಹೋಗುತ್ತದೆ, ಮುಂದಿನ ವರ್ಷ ಅದೇ ಯಂತ್ರ ಅಲ್ಲಿಯೇ ಹೂಳುತ್ತದೆ. ಆಳದ ಬಯಲಿಗೆ ಇಂದಿಗೂ ಹಗುರವಾದ ಟಿಲ್ಲರೇ ಯೋಗ್ಯವೆಂದು ತೋರುತ್ತದೆ.

ಊರೂರಲ್ಲಿ ಗದ್ದೆಗಳು ಹಡಿಲು ಬೀಳುತ್ತಿರುವ ಈ ದಿನಗಳಲ್ಲಿ ಯಂತ್ರವಿಲ್ಲದೆ ಬೇಸಾಯವು ಉಳಿಯದು. ಆದರೆ ಯಂತ್ರವನ್ನು ನಡೆಸುವ ತರುಣನಿಗೆ ತನ್ನ ಗದ್ದೆ ಬಯಲೋ ಮಜಲೋ ಬೆಟ್ಟೋ ಎಂಬುದು ತಿಳಿದಿರಬೇಕು. ಕೋಣಗಳು ಹಟ್ಟಿಯಿಂದ ಮರೆಯಾದಂತೆ ಈ ಮೂರು ಶಬ್ದಗಳೂ ಮಾತಿನಿಂದ ಮರೆಯಾದರೆ, ಲಿವರನ್ನು ಯಾವಾಗ ಸರಿಸಬೇಕೆಂದು ಹೇಳಿಕೊಡುವವರು ಯಾರೂ ಉಳಿಯಲಾರರು.