ಮಾತೃಭಾಷೆಗೂ ಪರೀಕ್ಷೆ: ಪ್ರಥಮ ಭಾಷೆಯ ಒಳಹೊರಗು

ಬೀಳಗಿ, ಜಮಖಂಡಿ, ಮುಧೋಳ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಎಸ್ಸೆಸ್ಸೆಲ್ಸಿ ಬರೆಯುವ ಬಹುಪಾಲು ವಿದ್ಯಾರ್ಥಿಗಳಿಗೆ ಪ್ರಥಮ ಭಾಷೆ ಕನ್ನಡ. ಉರ್ದು ಮಾಧ್ಯಮದ ಮಕ್ಕಳಿಗೆ ಆ ಸ್ಥಾನದಲ್ಲಿ ಉರ್ದು ಇರುತ್ತದೆ. ಮನೆಮಾತನ್ನು ಬಲ್ಲವರಿಗೆಂದೇ ರೂಪಿಸಿದ ಪರೀಕ್ಷೆ ಇದು.

ಅಂಕಗಳ ಲೆಕ್ಕ

ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಮೀಸಲು: ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಉಳಿದ ಐದು ವಿಷಯಗಳಿಗೆ ತಲಾ 100 ಅಂಕ. ಕನ್ನಡ, ಉರ್ದು, ಮರಾಠಿ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಮತ್ತು ಸಂಸ್ಕೃತಗಳಲ್ಲಿ ಒಂದನ್ನು ಪ್ರಥಮ ಭಾಷೆಯಾಗಿ ಆರಿಸಿಕೊಳ್ಳಬಹುದು. ತುಳು ಮತ್ತು ಕೊಂಕಣಿ ಮನೆಮಾತಿನವರಿಗೆ ಈ ಅವಕಾಶವಿಲ್ಲ. ಅವು ತೃತೀಯ ಭಾಷೆಗಳಾಗಿ ಮಾತ್ರ ಲಭ್ಯ.

ಪಠ್ಯದಲ್ಲಿಯೂ ಭೇದವಿದೆ. ಪ್ರಥಮ ಭಾಷೆಯವರಿಗೆ ‘ಸಿರಿ ಕನ್ನಡ’, ದ್ವಿತೀಯ ಭಾಷೆಯವರಿಗೆ ‘ತಿಳಿ ಕನ್ನಡ’. ಮೊದಲನೆಯದರಲ್ಲಿ ಹಳಗನ್ನಡ ಕಾವ್ಯವೂ ಉಂಟು. ಮುಧೋಳದ ಕವಿ ರನ್ನನ ‘ಗದಾಯುದ್ಧ’ದ ಭಾಗ ಹತ್ತನೇ ತರಗತಿಗೆ ಪಾಠವಾಗಿ ಬಂದಿದೆ. ಆಡುಮಾತು ಬಲ್ಲ ಮಾತ್ರಕ್ಕೆ ಈ ಪತ್ರಿಕೆ ಸುಲಭವಲ್ಲ.

ವಿವಾದದ ಹಾದಿ

ಪ್ರಥಮ ಭಾಷೆ ಮಾತೃಭಾಷೆಯೇ ಆಗಿರಬೇಕೆಂಬ ಕಟ್ಟಳೆ ಇರಲಿಲ್ಲ. ಕನ್ನಡಿಗ ಮಕ್ಕಳೂ ಸಂಸ್ಕೃತವನ್ನು ಆರಿಸಿ ಕನ್ನಡವನ್ನೇ ಕಲಿಯದೆ ಶಾಲೆ ಮುಗಿಸಬಹುದಾಗಿತ್ತು. ಈ ಪ್ರಶ್ನೆಯ ಪರಿಶೀಲನೆಗೆ 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1981ರಲ್ಲಿ ವರದಿ ಬಂದಿತು. ಅದರ ಜಾರಿಗಾಗಿ ನಡೆದ ಚಳವಳಿಗೆ 1982ರಲ್ಲಿ ಡಾ. ರಾಜಕುಮಾರ್ ಧುಮುಕಿದರು. ಅದೇ ವರ್ಷ ಸರಕಾರ ಕನ್ನಡವನ್ನು ಏಕೈಕ ಪ್ರಥಮ ಭಾಷೆಯಾಗಿಸಿ ಆದೇಶಿಸಿತು. ಭಾಷಾ ಅಲ್ಪಸಂಖ್ಯಾತರ ಹಕ್ಕಿಗೆ ಇದು ಧಕ್ಕೆಯೆಂದು 1989ರಲ್ಲಿ ಹೈಕೋರ್ಟಿನ ಪೂರ್ಣಪೀಠ ತೀರ್ಪಿತ್ತಿತು. ಮುಂದೆ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕನ್ನಡ ಕಲಿಕೆಯನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು.

ಗಡಿಯಾಚೆ

ಜಮಖಂಡಿಯಿಂದ ಬಹುದೂರವಿಲ್ಲದ ಜತ್ತ, ಅದರಾಚೆಯ ಅಕ್ಕಲಕೋಟೆಗಳಲ್ಲಿ ಕನ್ನಡಿಗರೇ ಭಾಷಾ ಅಲ್ಪಸಂಖ್ಯಾತರು. ಮಹಾರಾಷ್ಟ್ರ ಮಂಡಳಿಯ ಹತ್ತನೇ ತರಗತಿ ಪರೀಕ್ಷೆಯನ್ನು ಅಲ್ಲಿನ ಮಕ್ಕಳು ಕನ್ನಡದಲ್ಲಿ ಬರೆಯಬಹುದು. ಆದರೆ 2020ರ ಕಾಯ್ದೆಯಿಂದ ಮರಾಠಿ ಕಲಿಕೆಯೂ ಕಡ್ಡಾಯ. ಕಾಸರಗೋಡಿನ ಕನ್ನಡ ಮಕ್ಕಳೂ 2017ರ ಕಾಯ್ದೆಯಂತೆ ಮಲಯಾಳಂ ಕಲಿಯಬೇಕಾದ ಸ್ಥಿತಿ ಬಂದಿತು.

ಐರ್ಲೆಂಡಿನಲ್ಲಿಯೂ ಇಂಥದೇ ವ್ಯವಸ್ಥೆಯಿದೆ. ಐರಿಷ್ ಮಾಧ್ಯಮದ ಹಾಗೂ ಐರಿಷ್ ಆಡುವ ಪ್ರದೇಶದ ಶಾಲೆಗಳಿಗೊಂದು, ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೊಂದು ಐರಿಷ್ ಪಠ್ಯಕ್ರಮವನ್ನು ಕಿರಿಯ ಪ್ರೌಢ ಹಂತದಲ್ಲಿ 2017ರಲ್ಲಿ ಪ್ರತ್ಯೇಕಿಸಲಾಯಿತು.

ಪರೀಕ್ಷೆ ಇದ್ದರೆ ಪಠ್ಯಪುಸ್ತಕ ಬೇಕು, ಶಿಕ್ಷಕರು ಬೇಕು, ಪತ್ರಿಕೆ ತಿದ್ದುವವರು ಬೇಕು. ಪರೀಕ್ಷೆ ನಿಂತರೆ ಇವು ಒಂದೊಂದಾಗಿ ಕಳಚುತ್ತವೆ. ಗಡಿನಾಡಿನ ಕನ್ನಡ ಶಾಲೆಗಳಿಗೂ ಬೀಳಗಿಯ ಉರ್ದು ಶಾಲೆಗಳಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.