ಕ್ವಾರ್ಟರ್‌ಬ್ಯಾಕ್ ಆಯ್ಕೆ: ಬೆಳೆದ ಅಳತೆ, ಉಳಿದ ಪ್ರಶ್ನೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡದ ದಾಳಿ ನಿಂತಿರುವುದೇ ಕ್ವಾರ್ಟರ್‌ಬ್ಯಾಕ್ ಮೇಲೆ. ಚೆಂಡು ಕೈಗೆ ಬಂದ ಎರಡು-ಮೂರು ಸೆಕೆಂಡುಗಳಲ್ಲಿ ಅವನು ಎದುರಾಳಿಗಳ ವ್ಯೂಹವನ್ನು ಗ್ರಹಿಸಿ, ಓಡುತ್ತಿರುವ ಸಹ ಆಟಗಾರರಲ್ಲಿ ಯಾರಿಗೆ ಎಸೆಯಬೇಕೆಂದು ತೀರ್ಮಾನಿಸಬೇಕು. ಅಷ್ಟರಲ್ಲಿ ಅವನನ್ನು ಕೆಡವಲು ದೈತ್ಯರಂಥ ಆಟಗಾರರು ನುಗ್ಗಿ ಬರುತ್ತಿರುತ್ತಾರೆ. ಹಾಗಾಗಿಯೇ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಪ್ರತಿ ವರ್ಷ ನಡೆಸುವ ಡ್ರಾಫ್ಟ್‌ಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮುನ್ನ ಕಾಲೇಜು ಕ್ವಾರ್ಟರ್‌ಬ್ಯಾಕ್‌ಗಳಷ್ಟು ಕೂಲಂಕಷ ಪರೀಕ್ಷೆಗೆ ಒಳಗಾಗುವವರು ಬೇರೆ ಯಾರೂ ಇಲ್ಲ. ಇಷ್ಟಾದರೂ ಈ ಆಯ್ಕೆ ಮೇಲಿಂದ ಮೇಲೆ ತಪ್ಪುತ್ತದೆ. ಅಳತೆಯ ಸಾಧನಗಳು ವರ್ಷದಿಂದ ವರ್ಷಕ್ಕೆ ಸೂಕ್ಷ್ಮವಾಗುತ್ತ ಬಂದರೂ ಅವು ಬಹುಮಟ್ಟಿಗೆ ಆಟಗಾರನನ್ನು ಒಂಟಿಯಾಗಿ ನಿಲ್ಲಿಸಿ ಅಳೆದಿವೆ. ಅವನು ಯಾವ ತಂಡದಲ್ಲಿ, ಯಾರ ಕೈಕೆಳಗೆ ಬೆಳೆಯಲಿದ್ದಾನೆ ಎಂಬುದನ್ನು ಅಳತೆಯ ಹೊರಗಿಟ್ಟದ್ದೇ ಈ ಕ್ಷೇತ್ರದ ದೊಡ್ಡ ಕೊರತೆ ಎಂಬುದು ಈ ಲೇಖನದ ವಾದ.

ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್ ಅವರ ಸಲಹೆಯಂತೆ ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ. ಆಗ ಆಯ್ಕೆಗೆ ಆಧಾರವಾಗಿದ್ದವು ಪತ್ರಿಕಾ ವರದಿಗಳು ಮತ್ತು ಪರಿಚಿತರ ಮಾತು. ಮೊತ್ತಮೊದಲು ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿಪರ ಪಂದ್ಯವನ್ನೇ ಆಡಲಿಲ್ಲ. ಎರಡನೆಯ ಮಹಾಯುದ್ಧದ ನಂತರ ರ‍್ಯಾಮ್ಸ್ ತಂಡ ಊರೂರು ತಿರುಗಿ ಆಟಗಾರರನ್ನು ನೋಡಿ ಬರಲು ಪೂರ್ಣಾವಧಿಯ ಸ್ಕೌಟ್‌ನನ್ನು ನೇಮಿಸಿತು. 1960ರ ದಶಕದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಸ್ಕೌಟ್‌ಗಳ ಅಭಿಪ್ರಾಯಗಳನ್ನು ಅಂಕಗಳಾಗಿಸಿ ಕಂಪ್ಯೂಟರಿಗೆ ಒಪ್ಪಿಸಿತು. ಆ ಪದ್ಧತಿಯನ್ನು ರೂಪಿಸಿಕೊಟ್ಟವರು ಭಾರತದಿಂದ ಹೋದ ಸಂಖ್ಯಾಶಾಸ್ತ್ರಜ್ಞ ಸಲಾಂ ಖುರೇಷಿ. ಒಬ್ಬ ಸ್ಕೌಟ್ ‘ಚುರುಕು’ ಎಂದದ್ದನ್ನು ಇನ್ನೊಬ್ಬ ‘ಸಾಧಾರಣ’ ಎನ್ನುವ ಗೊಂದಲಕ್ಕೆ ಸಮಾನ ಅಳತೆಯೊಂದು ಸಿಕ್ಕಿದ್ದು ನಿಜವಾದ ಮುನ್ನಡೆ. 1980ರ ದಶಕದಲ್ಲಿ ಎಲ್ಲ ತಂಡಗಳೂ ಒಂದೇ ಕಡೆ ಆಟಗಾರರನ್ನು ಪರೀಕ್ಷಿಸುವ ‘ಕಂಬೈನ್’ ರೂಢಿಗೆ ಬಂತು. 1987ರಿಂದ ಅದು ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ.

ಕಂಬೈನ್‌ನಲ್ಲಿ ಎತ್ತರ, ತೂಕ, ನಲವತ್ತು ಗಜದ ಓಟ ಎಲ್ಲವೂ ದಾಖಲಾಗುತ್ತವೆ. ಅಂಗೈಯನ್ನು ಪೂರ್ತಿ ಅಗಲಿಸಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಳೆಯುತ್ತಾರೆ. ಮಳೆ-ಚಳಿಯಲ್ಲಿ ಚೆಂಡಿನ ಮೇಲೆ ಹಿಡಿತ ಇರುತ್ತದೆಯೇ ಎಂಬ ಕಾಳಜಿ ಅದರ ಹಿಂದಿದೆ. 2020ರಲ್ಲಿ ಜೋ ಬರೋ ಅವರ ಕೈ ಒಂಬತ್ತೇ ಇಂಚು ಎಂಬುದು ಚರ್ಚೆಯ ವಿಷಯವಾಗಿತ್ತು, ಆದರೂ ಅವರೇ ಆ ವರ್ಷದ ಮೊದಲ ಆಯ್ಕೆಯಾದರು. ಹನ್ನೆರಡು ನಿಮಿಷದಲ್ಲಿ ಐವತ್ತು ಪ್ರಶ್ನೆಗಳಿಗೆ ಉತ್ತರಿಸಬೇಕಿದ್ದ ವಂಡರ್ಲಿಕ್ ಬುದ್ಧಿ ಪರೀಕ್ಷೆ ದಶಕಗಳ ಕಾಲ ನಡೆದು 2022ರಲ್ಲಿ ನಿಂತಿತು. ಇಷ್ಟೆಲ್ಲ ಅಳತೆಗಳ ನಡುವೆಯೇ 1998ರಲ್ಲಿ ಎರಡನೆಯವರಾಗಿ ಆಯ್ಕೆಯಾದ ರಯಾನ್ ಲೀಫ್ ಕೆಲವೇ ವರ್ಷಗಳಲ್ಲಿ ಆಟದಿಂದ ಮರೆಯಾದರು. 2000ದಲ್ಲಿ 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಏಳು ಸಲ ಗೆದ್ದರು. ಬ್ರೇಡಿಗಿಂತ ಮೊದಲು ತಂಡಗಳು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿಕೊಂಡಿದ್ದವು.

ಮುಂದಿನ ಹೆಜ್ಜೆ ಅಂಕಿಅಂಶಗಳದು. ದೇಹದ ಅಳತೆಗಿಂತ ಕಾಲೇಜಿನಲ್ಲಿ ಆಡಿದ ಪಂದ್ಯಗಳ ಸಂಖ್ಯೆ ಮತ್ತು ಗುರಿ ಮುಟ್ಟಿದ ಎಸೆತಗಳ ಪ್ರಮಾಣ ಭವಿಷ್ಯವನ್ನು ಚೆನ್ನಾಗಿ ಹೇಳುತ್ತವೆ ಎಂದು 2006ರ ಹೊತ್ತಿಗೆ ವಿಶ್ಲೇಷಕ ಡೇವಿಡ್ ಲೆವಿನ್ ವಾದಿಸಿದರು. ಇನ್ನೊಂದೆಡೆ ಅರ್ಥಶಾಸ್ತ್ರಜ್ಞರಾದ ಡೇವಿಡ್ ಬೆರಿ ಮತ್ತು ರಾಬ್ ಸಿಮನ್ಸ್, ಕ್ವಾರ್ಟರ್‌ಬ್ಯಾಕ್ ಎಷ್ಟನೆಯವನಾಗಿ ಆಯ್ಕೆಯಾದ ಎಂಬುದಕ್ಕೂ ಪ್ರತಿ ಆಟದಲ್ಲಿ ಅವನ ಸಾಧನೆಗೂ ನಂಟು ತೀರಾ ದುರ್ಬಲ ಎಂದು ತೋರಿಸಿದರು. ಇದಕ್ಕೆ ಬಂದ ಆಕ್ಷೇಪ ತೂಕದ್ದೇ. ತಡವಾಗಿ ಆಯ್ಕೆಯಾದವರಲ್ಲಿ ಮೈದಾನಕ್ಕಿಳಿಯುವವರು ಕೆಲವರು ಮಾತ್ರ, ಅಭ್ಯಾಸದಲ್ಲೇ ಸೋತವರು ಲೆಕ್ಕಕ್ಕೆ ಬರುವುದಿಲ್ಲ. ಬ್ರೇಡಿಯವರ ಕಥೆಯನ್ನು ಹಿಡಿದು ಸ್ಕೌಟ್‌ಗಳೆಲ್ಲ ಕುರುಡರು ಎನ್ನುವುದೂ ಇದೇ ಬಗೆಯ ತಪ್ಪು. ಆದರೆ ಈ ಎಚ್ಚರ ಎರಡೂ ಕಡೆಗೆ ಸಲ್ಲಬೇಕು. ಮೇಲಿನ ಸರದಿಯಲ್ಲಿ ಬಂದವನಿಗೆ ಸಿಗುವ ಅವಕಾಶ, ತಾಳ್ಮೆ, ಹಣ ಬೇರೆಯವರಿಗೆ ಸಿಗುವುದಿಲ್ಲ. ಎಂದರೆ ಪರಿಸರದ ಪಾಲನ್ನು ಪಕ್ಕಕ್ಕಿಟ್ಟು ಸ್ಕೌಟ್‌ನ ಸೋಲು-ಗೆಲುವನ್ನೂ ಅಳೆಯಲಾಗದು.

ಆ ಪಾಲು ಎಷ್ಟೆಂಬುದಕ್ಕೆ ಬರೋ ಅವರೇ ಒಳ್ಳೆಯ ನಿದರ್ಶನ. ಎಲ್‌ಎಸ್‌ಯು ಕಾಲೇಜು ತಂಡದ ಪರ 2018ರಲ್ಲಿ ಅವರ ಎಸೆತಗಳಲ್ಲಿ ಗುರಿ ಮುಟ್ಟಿದ್ದು ಶೇ 57.8. ಮರುವರ್ಷ ಹೊಸ ತರಬೇತುದಾರ ಬಂದು ದಾಳಿಯ ಪದ್ಧತಿ ಬದಲಾದಾಗ ಅದು ಶೇ 76.3ಕ್ಕೆ ಏರಿತು. ಎಸೆತದ ಮೂಲಕ 60 ಟಚ್‌ಡೌನ್‌ಗಳು ಬಂದವು. ಆಟಗಾರ ಅವರೇ, ಕೈಯೂ ಅದೇ. ವೃತ್ತಿಪರ ಲೀಗ್‌ನಲ್ಲೂ ಹೀಗೆಯೇ. ಜಾಶ್ ಅಲೆನ್ ಅವರ ಪ್ರಮಾಣ 2018ರಲ್ಲಿ ಶೇ 52.8 ಇದ್ದದ್ದು, ತರಬೇತಿ ಪದ್ಧತಿ ಸ್ಥಿರವಾಗಿದ್ದು ಎಸೆತ ಹಿಡಿಯುವ ಆಟಗಾರ ಸ್ಟೆಫಾನ್ ಡಿಗ್ಸ್ ಜೊತೆಯಾದ 2020ರಲ್ಲಿ ಶೇ 69.2 ಆಯಿತು. 2018ರ ಮೂರನೇ ಆಯ್ಕೆ ಸ್ಯಾಮ್ ಡಾರ್ನಾಲ್ಡ್ ನ್ಯೂಯಾರ್ಕ್ ಜೆಟ್ಸ್‌ನಲ್ಲಿ ಸೋತರು, 2024ರಲ್ಲಿ ಮಿನೆಸೋಟ ಪರ 14 ಪಂದ್ಯ ಗೆದ್ದರು. 2002ರ ಮೊದಲ ಆಯ್ಕೆ ಡೇವಿಡ್ ಕಾರ್, ಆಗಷ್ಟೇ ಹುಟ್ಟಿದ್ದ ಹ್ಯೂಸ್ಟನ್ ತಂಡದಲ್ಲಿ ಒಂದೇ ಋತುವಿನಲ್ಲಿ 76 ಸಲ ನೆಲಕ್ಕುರುಳಿದರು. ಅಲ್ಲಿ ರಕ್ಷಣೆಯೇ ಇಲ್ಲದಿದ್ದಾಗ ಯಾವ ಪ್ರತಿಭೆ ನಿಲ್ಲಬೇಕಿತ್ತು? ಹಿಂದಿನ ಋತುವಿನಲ್ಲಿ ಕೊನೆಯಾದ ತಂಡಕ್ಕೇ ಮೊದಲ ಸರದಿ ಎಂಬ ಡ್ರಾಫ್ಟ್‌ನ ನಿಯಮ ಸಮಬಲಕ್ಕಾಗಿ ಹುಟ್ಟಿದ್ದು. ಆದರೆ ಅದು ಅತ್ಯುತ್ತಮ ಎಳೆಯನನ್ನು ಎಷ್ಟೋ ಸಲ ಅತ್ಯಂತ ದುರ್ಬಲ ಕೈಗೆ ಒಪ್ಪಿಸುತ್ತದೆ.

ಇದಕ್ಕೆ ಪೇಟನ್ ಮ್ಯಾನಿಂಗ್ ಅವರ ಉದಾಹರಣೆಯನ್ನು ಎದುರಿಡಬಹುದು. 1998ರಲ್ಲಿ ಮೊದಲಿಗರಾಗಿ ಆಯ್ಕೆಯಾಗಿ, ಸೋಲುತ್ತಿದ್ದ ತಂಡಕ್ಕೆ ಹೋದ ಅವರು ಮೊದಲ ವರ್ಷ 28 ಸಲ ಚೆಂಡನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟರೂ ಮಹಾನ್ ಆಟಗಾರರಾದರು. ನಿಜ, ಪ್ರತಿಭೆ ಇಲ್ಲದಿದ್ದರೆ ಪರಿಸರ ಏನೂ ಮಾಡಲಾರದು. ಲೀಫ್ ಅವರ ಪತನವನ್ನು ತಂಡದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಆದರೆ ಮ್ಯಾನಿಂಗ್ ಅವರಿಗೆ ಆರಂಭದಿಂದ ಹತ್ತಕ್ಕೂ ಹೆಚ್ಚು ವರ್ಷ ದಾಳಿಯ ಮಾರ್ಗದರ್ಶಕರಾಗಿದ್ದವರು ಟಾಮ್ ಮೂರ್ ಒಬ್ಬರೇ. ಅಂಥ ಸ್ಥಿರತೆ ಎಳೆಯ ಕ್ವಾರ್ಟರ್‌ಬ್ಯಾಕ್‌ಗಳಿಗೆ ಸಿಗುವುದು ಅಪರೂಪ. ಇನ್ನೊಂದು ಆಕ್ಷೇಪ, ಪರಿಸರವನ್ನು ಅಂಕಿಗಳಲ್ಲಿ ಹಿಡಿಯಲಾಗದು ಎಂಬುದು. ಪೂರ್ತಿ ಹಿಡಿಯಲಾಗದಿರಬಹುದು. ಆದರೂ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ಬಲ, ತರಬೇತುದಾರರ ಸ್ಥಿರತೆ, ಕಲಿಯಲು ಸಿಗುವ ಸಮಯ, ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. 2017ರಲ್ಲಿ ಕಾನ್ಸಾಸ್ ಸಿಟಿ 27ನೇ ಸರದಿಯಿಂದ 10ಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಪಡೆಯಿತು. ಅಲೆಕ್ಸ್ ಸ್ಮಿತ್ ಎಂಬ ಅನುಭವಿಯ ಹಿಂದೆ ಅವರನ್ನು ಬಹುತೇಕ ಇಡೀ ವರ್ಷ ಕೂರಿಸಿ ಕಲಿಸಿತು.

ಹಾಗಾಗಿ ಸ್ಕೌಟ್‌ನ ವರದಿಯಲ್ಲಿ ಹುಡುಗನ ಪುಟದ ಪಕ್ಕದಲ್ಲಿ ತಂಡದ ಪುಟವೂ ಇರಬೇಕು. ಅವನ ಕೈ ಎಷ್ಟು ದೊಡ್ಡದು ಎಂದು ಕೇಳುವವರು, ಅವನನ್ನು ಕಾಯಲು ನಮ್ಮಲ್ಲಿ ಯಾರಿದ್ದಾರೆ, ಮೂರು ವರ್ಷ ಕಲಿಸುವ ತಾಳ್ಮೆ ನಮಗಿದೆಯೇ ಎಂದೂ ಅಷ್ಟೇ ನಿಷ್ಠುರವಾಗಿ ಕೇಳಿಕೊಳ್ಳಬೇಕು. ಉತ್ತರ ಇಲ್ಲ ಎಂದಾದರೆ ಮೊದಲು ತಂಡವನ್ನು ಕಟ್ಟುವುದೇ ವಿವೇಕ. ಇಪ್ಪತ್ತೆರಡರ ಹರೆಯದವನೊಬ್ಬನನ್ನು ಎರಡೇ ಋತುಗಳಲ್ಲಿ ‘ಸೋತವ’ ಎಂದು ಹಣೆಪಟ್ಟಿ ಹಚ್ಚಿ ಕಳಿಸುವ ಮುನ್ನ, ಆ ಸೋಲಿನಲ್ಲಿ ತನ್ನ ಪಾಲೆಷ್ಟು ಎಂದು ಲೆಕ್ಕ ಹಾಕುವ ಹೊಣೆ ಅವನನ್ನು ಆರಿಸಿದ ತಂಡದ್ದು.